ಸ್ಟೀರಾಯ್ಡ್ ಔಷಧಗಳ ಮಾರಾಟ ಮತ್ತು ವರ್ತಕರ ಹೊಣೆ

ರಾಜ್ಯದ ಯಾವುದೇ ತಾಲ್ಲೂಕು ಕೇಂದ್ರದಲ್ಲಿ ಸಂಜೆಯ ಹೊತ್ತು ಔಷಧ ಅಂಗಡಿಯೊಂದರ ಮುಂದೆ ಅರ್ಧ ಗಂಟೆ ನಿಂತವರಿಗೆ ಒಂದು ದೃಶ್ಯ ಕಾಣದೇ ಇರಲಾರದು. ಗಿರಾಕಿ ಬಂದು ತೊಡೆಸಂದಿನ ತುರಿಕೆಗೋ ಮುಖದ ಮೇಲಿನ ಬಂಗಿಗೋ ಮುಲಾಮು ಕೇಳುತ್ತಾನೆ. ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ. ಹಿಂಡಿ ಮಡಿಸಿದ ಹಳೆಯ ಟ್ಯೂಬನ್ನು ಜೇಬಿನಿಂದ ತೆಗೆದು ತೋರಿಸುತ್ತಾನೆ. ಅಂಗಡಿಯವರು ಅದನ್ನೋ ಅದನ್ನು ಹೋಲುವ ಇನ್ನೊಂದನ್ನೋ ಕೊಟ್ಟು ಹಣ ಎಣಿಸಿಕೊಳ್ಳುತ್ತಾರೆ. ಎರಡು ನಿಮಿಷಗಳಲ್ಲಿ ವ್ಯವಹಾರ ಮುಗಿಯುತ್ತದೆ. ಕೊಟ್ಟವರಿಗೆ ತಪ್ಪು ಮಾಡಿದೆನೆಂಬ ಭಾವನೆಯಿಲ್ಲ. ಪಡೆದವರಿಗೆ ತಾವು ಕೊಂಡದ್ದು ಸ್ಟೀರಾಯ್ಡ್ ಎಂಬ ಅರಿವೂ ಇಲ್ಲ.

ಇಂಥ ಮಾರಾಟವನ್ನು ಕಾನೂನು ಒಪ್ಪುವುದಿಲ್ಲ. ಆದರೆ ಈ ವಿಷಯವನ್ನು ಕೇವಲ ಕಾನೂನಿನ ಪ್ರಶ್ನೆಯಾಗಿ, ಔಷಧ ನಿರೀಕ್ಷಕರಿಗೂ ಅಂಗಡಿಯವರಿಗೂ ನಡುವಣ ಕಣ್ಣುಮುಚ್ಚಾಲೆಯಾಗಿ ನೋಡುತ್ತ ಬಂದಿರುವುದೇ ಪರಿಸ್ಥಿತಿ ಈ ಮಟ್ಟಕ್ಕೆ ಬರಲು ಕಾರಣ. ಇದು ಮೂಲತಃ ವ್ಯಾಪಾರದ ಪ್ರಶ್ನೆ. ತಯಾರಕರು, ಸಗಟು ವರ್ತಕರು ಮತ್ತು ಚಿಲ್ಲರೆ ವರ್ತಕರು ತಮ್ಮತಮ್ಮೊಳಗೇ ತೀರ್ಮಾನಿಸಿಕೊಳ್ಳಬೇಕಾದ, ತೀರ್ಮಾನಿಸಿಕೊಳ್ಳಬಹುದಾದ ಪ್ರಶ್ನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ವ್ಯಾಯಾಮಶಾಲೆಗಳಲ್ಲಿ ಮೈಕಟ್ಟು ಬೆಳೆಸಲು ಕೆಲವರು ಬಳಸುವ, ಕ್ರೀಡಾಪಟುಗಳು ಸಿಕ್ಕಿಬೀಳುವ ಸ್ಟೀರಾಯ್ಡ್ ಬೇರೆ. ಇಲ್ಲಿ ಹೇಳುತ್ತಿರುವುದು ಬೇರೆ. ಇಲ್ಲಿಯ ವಿಷಯ ಕಾರ್ಟಿಕೋಸ್ಟೀರಾಯ್ಡ್‌ಗಳದ್ದು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಹೊರಪದರವು ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ಬಳಗಕ್ಕೆ ಸೇರಿದ ಔಷಧಗಳಿವು. ಹೈಡ್ರೋಕಾರ್ಟಿಸೋನ್, ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಮುಂತಾದ ಹೆಸರುಗಳು ಔಷಧ ವರ್ತಕರಿಗೆ ಅಕ್ಕಿ ಬೇಳೆಯಷ್ಟೇ ಪರಿಚಿತ.

ಚಿನ್ನಕ್ಕಿಂತ ದುಬಾರಿಯಾಗಿದ್ದ ಕಾಲ

ಈ ಔಷಧದ ಹುಟ್ಟಿನ ಕಥೆಯಲ್ಲಿ ವರ್ತಕರಿಗೆ ರುಚಿಸುವ ಅಂಶಗಳು ಸಾಕಷ್ಟಿವೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೋಚೆಸ್ಟರ್ ನಗರದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಯೊಬ್ಬರಿಗೆ ಹೊಸ ವಸ್ತುವೊಂದರ ಚುಚ್ಚುಮದ್ದು ನೀಡತೊಡಗಿದರು. ಅದು ಹೆಂಚ್ ಅವರ ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಗಳಲ್ಲಿ ಗುರುತಿಸಿದ್ದ, ಮರ್ಕ್ ಕಂಪನಿಯ ರಸಾಯನಶಾಸ್ತ್ರಜ್ಞರು ಕಷ್ಟಪಟ್ಟು ತಯಾರಿಸಿದ್ದ ವಸ್ತು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. ವಾರದೊಳಗೆ ಪೇಟೆಗೆ ಹೋಗಿ ಮೂರು ಗಂಟೆ ಕಾಲ ಅಂಗಡಿಗಳಲ್ಲಿ ಸುತ್ತಿ ಸಾಮಾನು ಕೊಂಡು ಬಂದರೆಂಬುದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. 1950ರಲ್ಲಿ ಹೆಂಚ್, ಕೆಂಡಾಲ್ ಹಾಗೂ ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆ ವಸ್ತುವೇ ಕಾರ್ಟಿಸೋನ್.

ಪವಾಡವೇನೋ ಆಯಿತು, ಸರಕು ಸಿಗಬೇಕಲ್ಲ? ಮರ್ಕ್ ಕಂಪನಿಯ ವಿಧಾನದಲ್ಲಿ ದನದ ಪಿತ್ತರಸದಿಂದ ಹೊರಟು ಮೂವತ್ತಕ್ಕೂ ಹೆಚ್ಚು ರಾಸಾಯನಿಕ ಹಂತಗಳನ್ನು ದಾಟಿದ ಮೇಲೆ ಒಂದಿಷ್ಟು ಕಾರ್ಟಿಸೋನ್ ದೊರೆಯುತ್ತಿತ್ತು. ಆರಂಭದಲ್ಲಿ ಅದರ ಬೆಲೆ ಗ್ರಾಮಿಗೆ ಸುಮಾರು 200 ಡಾಲರ್. ಆಗ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್ ಇತ್ತೆಂಬುದನ್ನು ನೆನೆದರೆ ಈ ಬೆಲೆಯ ತೂಕ ಅರ್ಥವಾದೀತು. ಬೆಲೆ ಇಳಿದದ್ದು ಎರಡು ಕಾರಣಗಳಿಂದ. ರಸೆಲ್ ಮಾರ್ಕರ್ ಎಂಬ ಹಟವಾದಿ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಿಂದ ಹಾರ್ಮೋನುಗಳ ಮೂಲವಸ್ತುವನ್ನು ತೆಗೆಯುವ ದಾರಿ ತೋರಿಸಿದ್ದು ಒಂದು. ಅವರು ಪಾಲುದಾರರಾಗಿ 1944ರಲ್ಲಿ ಮೆಕ್ಸಿಕೋದಲ್ಲಿ ಆರಂಭವಾದ ಸಿಂಟೆಕ್ಸ್ ಎಂಬ ಪುಟ್ಟ ಕಂಪನಿ ಮುಂದೆ ದೈತ್ಯ ಕಂಪನಿಗಳಿಗೇ ಸವಾಲೊಡ್ಡಿತು. 1952ರಲ್ಲಿ ಅಪ್‌ಜಾನ್ ಕಂಪನಿಯ ಪೀಟರ್ಸನ್ ಮತ್ತು ಮರ್ರೇ ಎಂಬ ವಿಜ್ಞಾನಿಗಳು, ರಸಾಯನಶಾಸ್ತ್ರಜ್ಞರು ಹಲವು ಹಂತಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯೊಂದು ಒಂದೇ ಹಂತದಲ್ಲಿ ಮಾಡಬಲ್ಲದೆಂದು ತೋರಿಸಿಕೊಟ್ಟದ್ದು ಇನ್ನೊಂದು. ಗ್ರಾಮಿನ ಬೆಲೆ 200 ಡಾಲರ್‌ನಿಂದ ಆರು ಡಾಲರಿಗೆ ಕುಸಿಯಿತು. ಸಣ್ಣ ಉದ್ಯಮಿಯೊಬ್ಬನ ಧೈರ್ಯ, ದೊಡ್ಡ ಕಂಪನಿಯ ಪ್ರಯೋಗಾಲಯ ಎರಡೂ ಸೇರಿ ಮಾರುಕಟ್ಟೆಯನ್ನೇ ಬದಲಿಸಿದ ಇಂಥ ಉದಾಹರಣೆಗಳು ವಿರಳ.

ಈ ಗೆಣಸಿನ ಕಥೆಗೆ ಕರ್ನಾಟಕದ ಎಳೆಯೂ ಒಂದಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಇದೇ ಡಯೋಸ್ಕೋರಿಯ ಕುಲದ ಗೆಣಸಿನ ಮೇಲೆ ಸಂಶೋಧನೆ ನಡೆಸಿ ‘ಅರ್ಕಾ ಉಪಕಾರ್’ ಎಂಬ ತಳಿಯನ್ನು ಬಿಡುಗಡೆ ಮಾಡಿತ್ತು. ಸ್ಟೀರಾಯ್ಡ್ ಕಚ್ಚಾವಸ್ತುವಿನಲ್ಲಿ ದೇಶವು ಸ್ವಾವಲಂಬಿಯಾಗಬೇಕೆಂಬ ಆಸೆ ಅದರ ಹಿಂದಿತ್ತು. ಆ ಆಸೆ ಈಡೇರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರವು ಮೂಲ ಔಷಧವಸ್ತುಗಳಿಗೆ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ ಪ್ರಕಟಿಸಿದಾಗ, ಆಮದಿನ ಅವಲಂಬನೆ ತಗ್ಗಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಮತ್ತೆ ಕಾಣಿಸಿಕೊಂಡಿತು. ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ.

ಅಗ್ಗದ ಮದ್ದಿನ ಎರಡು ಮುಖ

ಉರಿಯೂತವೆಂದರೆ ದೇಹವು ತನ್ನ ರಕ್ಷಣೆಗಾಗಿ ಹೊತ್ತಿಸುವ ಬೆಂಕಿ. ಗಾಯವಾದಲ್ಲಿ ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು ಇವೆಲ್ಲ ಅದರ ಲಕ್ಷಣಗಳು. ಈ ಬೆಂಕಿ ಹದ ಮೀರಿದಾಗ ಕೀಲುಗಳನ್ನು, ಶ್ವಾಸನಾಳವನ್ನು, ನರಗಳನ್ನು ಸುಡತೊಡಗುತ್ತದೆ. ಸ್ಟೀರಾಯ್ಡ್ ಜೀವಕೋಶದ ಒಳಹೊಕ್ಕು, ಉರಿಯೂತವನ್ನು ಹುಟ್ಟಿಸುವ ಪ್ರೋಟೀನುಗಳ ತಯಾರಿಕೆಯ ಆದೇಶವನ್ನೇ ತಡೆಹಿಡಿಯುತ್ತದೆ. ಆದ್ದರಿಂದಲೇ ಅದರ ಪರಿಣಾಮ ಅಷ್ಟು ತೀವ್ರ. ಉಬ್ಬಸದ ರೋಗಿಗೆ ಉಸಿರು ಮರಳುತ್ತದೆ. ಕುಷ್ಠರೋಗದ ಚಿಕಿತ್ಸೆಯ ನಡುವೆ ನರಗಳು ಊದಿಕೊಂಡಾಗ ಪ್ರೆಡ್ನಿಸೋಲೋನ್ ಕೈಕಾಲುಗಳನ್ನು ಊನದಿಂದ ಉಳಿಸುತ್ತದೆ. ಅವಧಿಗೆ ಮುನ್ನ ಹೆರಿಗೆಯಾಗುವ ಲಕ್ಷಣವಿರುವ ತಾಯಿಗೆ ಸಕಾಲದಲ್ಲಿ ನೀಡಿದ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಬಲಿಸುತ್ತದೆ. 1972ರಲ್ಲಿ ನ್ಯೂಜಿಲೆಂಡಿನ ಇಬ್ಬರು ವೈದ್ಯರು ಇದನ್ನು ಸಾಬೀತುಪಡಿಸಿದರು.

ಇಷ್ಟು ಉಪಕಾರಿಯಾದ ಔಷಧವೇ ಅಳತೆ ತಪ್ಪಿದರೆ ಅಪಾಯಕಾರಿ. ತಿಂಗಳುಗಟ್ಟಲೆ ಮಾತ್ರೆ ನುಂಗಿದವರಲ್ಲಿ ಮುಖ ದುಂಡಗಾಗುತ್ತದೆ, ಸಕ್ಕರೆ ಪ್ರಮಾಣ ಮತ್ತು ರಕ್ತದೊತ್ತಡ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕುಗಳನ್ನು ಎದುರಿಸುವ ಶಕ್ತಿ ಕುಂದುತ್ತದೆ. ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಹೊರಗಿನಿಂದ ಧಾರಾಳವಾಗಿ ಸ್ಟೀರಾಯ್ಡ್ ಬರುತ್ತಿರುವಾಗ ದೇಹದ ಸ್ವಂತ ಗ್ರಂಥಿ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಮಾತ್ರೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಸಾಲ ಕೊಟ್ಟು ಸ್ವಂತ ದುಡಿಮೆ ಮರೆಸುವ ಲೇವಾದೇವಿಗಾರನಂತೆ ಈ ಔಷಧ.

ಹಳ್ಳಿಗಾಡಿನಲ್ಲಿ ಪದವಿಯಿಲ್ಲದ ‘ಡಾಕ್ಟರು’ಗಳು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ನಾಲ್ಕಾರು ಮಾತ್ರೆಗಳಲ್ಲಿ ಒಂದು ಪುಟ್ಟ ಮಾತ್ರೆ ಬಹುಪಾಲು ಇದೇ ಆಗಿರುತ್ತದೆ. ಮಂಡಿನೋವಿನ ಮುದುಕರು ಒಂದೇ ರಾತ್ರಿಯಲ್ಲಿ ಎದ್ದು ಓಡಾಡುವುದನ್ನು ಕಂಡು ಊರೆಲ್ಲ ಆ ಕೈಗುಣವನ್ನು ಹೊಗಳುತ್ತದೆ. ‘ಗಿಡಮೂಲಿಕೆ ಪುಡಿ’ ಎಂದು ಮಾರುವ ಕೆಲವು ನೋವುನಿವಾರಕಗಳಲ್ಲಿಯೂ ಡೆಕ್ಸಾಮೆಥಾಸೋನ್ ಬೆರೆತಿರುವುದು ಭಾರತವೂ ಸೇರಿದಂತೆ ಹಲವು ದೇಶಗಳ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಪ್ರಾಮಾಣಿಕವಾಗಿ ಆಯುರ್ವೇದ ಔಷಧ ತಯಾರಿಸುವ ಘಟಕಗಳ ಹೆಸರಿಗೂ ಇದರಿಂದ ಮಸಿ ಬೀಳುತ್ತದೆ. ಆ ಪೊಟ್ಟಣಕ್ಕೆ, ಆ ಪುಡಿಗೆ ಹೋದ ಮಾತ್ರೆ ಆಕಾಶದಿಂದ ಉದುರಿದ್ದಲ್ಲ. ಸಾವಿರದ ಡಬ್ಬಿಗಳಲ್ಲಿ ಯಾವುದೋ ಸಗಟು ಮಳಿಗೆಯಿಂದಲೇ ಹೊರಟಿರುತ್ತದೆ.

ಮುಲಾಮಿನ ವಿಷಯ ಇನ್ನಷ್ಟು ವ್ಯಾಪಕ. ಹುಳುಕಡ್ಡಿ ಎಂಬುದು ಶಿಲೀಂಧ್ರದ ಸೋಂಕು. ಅದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಉರಿಯೂತ ಅಡಗಿ ತುರಿಕೆ ಅಂದೇ ನಿಲ್ಲುತ್ತದೆ. ಶಿಲೀಂಧ್ರ ಮಾತ್ರ ತಡೆಯಿಲ್ಲದೆ ಬೆಳೆಯುತ್ತದೆ. ಹಚ್ಚುವುದನ್ನು ಬಿಟ್ಟೊಡನೆ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ, ಗಿರಾಕಿ ಮತ್ತೆ ಅದೇ ಅಂಗಡಿಗೆ ಮರಳುತ್ತಾನೆ. ಕಳೆದ ಒಂದೂವರೆ ದಶಕದಲ್ಲಿ ದೇಶದಾದ್ಯಂತ ಹುಳುಕಡ್ಡಿಯು ವಾರಗಟ್ಟಲೆ ಚಿಕಿತ್ಸೆಗೂ ಬಗ್ಗದ ಕಾಯಿಲೆಯಾಗಿ ಮಾರ್ಪಟ್ಟಿದೆಯೆಂದು ಚರ್ಮರೋಗ ತಜ್ಞರು ಎಚ್ಚರಿಸುತ್ತಲೇ ಬಂದಿದ್ದಾರೆ. ಔಷಧಕ್ಕೆ ಸುಲಭವಾಗಿ ಮಣಿಯದ ಶಿಲೀಂಧ್ರದ ಒಂದು ಪ್ರಭೇದಕ್ಕೆ 2020ರಲ್ಲಿ ವಿಜ್ಞಾನಿಗಳು ಭಾರತದ ಹೆಸರನ್ನೇ ಸೇರಿಸಿ ‘ಟ್ರೈಕೋಫೈಟಾನ್ ಇಂಡೋಟಿನಿಯೇ’ ಎಂದು ನಾಮಕರಣ ಮಾಡಿದರು. ದೇಶದ ಹೆಸರು ಇಂಥ ಕಾರಣಕ್ಕೆ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಮೆರೆಯುವುದು ಯಾವ ಉದ್ಯಮಿಗೂ ಹೆಮ್ಮೆಯಲ್ಲ. ಇನ್ನು ಮುಖ ಬೆಳ್ಳಗಾಗಲೆಂದು ಇದೇ ಮುಲಾಮನ್ನು ದಿನನಿತ್ಯ ಸವರಿಕೊಳ್ಳುವ ಯುವತಿಯರ ಚರ್ಮ ಕೆಲವೇ ತಿಂಗಳುಗಳಲ್ಲಿ ಕಾಗದದಂತೆ ತೆಳುವಾಗಿ, ಬಿಸಿಲಿಗೆ ಉರಿದು, ಮೊಡವೆಯೆದ್ದು, ಮುಲಾಮಿಲ್ಲದೆ ಒಂದು ದಿನವೂ ಇರಲಾರದ ಸ್ಥಿತಿಗೆ ಬರುತ್ತದೆ.

ಕಾನೂನು ಏನು ಹೇಳುತ್ತದೆ

1945ರ ಔಷಧ ನಿಯಮಗಳ ‘ಎಚ್’ ಅನುಸೂಚಿಯಲ್ಲಿರುವ ಔಷಧವನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. ಕಾರ್ಟಿಕೋಸ್ಟೀರಾಯ್ಡ್‌ಗಳು ಆ ಅನುಸೂಚಿಯಲ್ಲಿ ಬಹುಕಾಲದಿಂದ ಇವೆ. ಆದರೆ ಹೊರಗೆ ಹಚ್ಚುವ ಔಷಧಗಳ ಬಗೆಗಿನ ಟಿಪ್ಪಣಿಯೊಂದರ ಅಸ್ಪಷ್ಟತೆಯಿಂದಾಗಿ ಮುಲಾಮುಗಳಿಗೆ ಚೀಟಿ ಬೇಕಿಲ್ಲವೆಂಬ ವಾದಕ್ಕೆ ಅವಕಾಶವಿತ್ತು. ಚರ್ಮರೋಗ ತಜ್ಞರ ಸಂಘವು ವರ್ಷಗಟ್ಟಲೆ ಒತ್ತಾಯಿಸಿದ ಬಳಿಕ 2018ರಲ್ಲಿ ಕೇಂದ್ರ ಸರ್ಕಾರವು ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14ನ್ನು ಸ್ಪಷ್ಟವಾಗಿ ‘ಎಚ್’ ಅನುಸೂಚಿಯ ಕಟ್ಟಳೆಗೆ ಒಳಪಡಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವೈಜ್ಞಾನಿಕ ಸಮರ್ಥನೆಯಿಲ್ಲದ 328 ಮಿಶ್ರ ಔಷಧಗಳು ನಿಷೇಧಕ್ಕೊಳಗಾದಾಗ ಸ್ಟೀರಾಯ್ಡ್, ಶಿಲೀಂಧ್ರನಾಶಕ ಮತ್ತು ಪ್ರತಿಜೀವಕ ಮೂರನ್ನೂ ಕಲೆಸಿದ ಹಲವು ಮುಲಾಮುಗಳೂ ಅದರಲ್ಲಿದ್ದವು. 2024ರ ಆಗಸ್ಟ್‌ನಲ್ಲಿ ಇನ್ನೂ 156 ಮಿಶ್ರಣಗಳು ನಿಷೇಧಗೊಂಡವು.

ಇಷ್ಟಾದರೂ ಸಂತೆ ನಿಂತಿಲ್ಲ. ಒಂದು ಮಿಶ್ರಣ ನಿಷೇಧವಾದರೆ ಒಂದು ಘಟಕವಸ್ತುವನ್ನು ಬದಲಿಸಿ, ಹಳೆಯ ಬ್ರಾಂಡ್ ಹೆಸರಿನ ಮುಂದೆ ಒಂದಕ್ಷರ ಸೇರಿಸಿ ಹೊಸ ಟ್ಯೂಬ್ ಬರುತ್ತದೆ. ಇದರ ಹಿಂದಿನ ಲೆಕ್ಕಾಚಾರ ವರ್ತಕರಿಗೆ ತಿಳಿಯದ್ದೇನಲ್ಲ. ಅಗತ್ಯ ಔಷಧಗಳ ಪಟ್ಟಿಗೆ ಸೇರಿದ ಔಷಧಕ್ಕೆ 2013ರ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ಚಿಲ್ಲರೆ ವರ್ತಕರಿಗೆ ಶೇ. 16ರ ಲಾಭಾಂಶ ಸೇರಿಸಿ ಆ ಬೆಲೆಯನ್ನು ಕಟ್ಟಲಾಗುತ್ತದೆ. ಪಟ್ಟಿಯಲ್ಲಿರುವ ಸಾದಾ ಮುಲಾಮಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಪಟ್ಟಿಯ ಹೊರಗುಳಿಯುವ ಮಿಶ್ರಣಗಳಲ್ಲಿ ತಯಾರಕರಿಗೆ ಬೆಲೆಯ ಸ್ವಾತಂತ್ರ್ಯ ಹೆಚ್ಚು. ಸಗಟಿನವರಿಗೆ ಕಮಿಷನ್ ಹೆಚ್ಚು. ಚಿಲ್ಲರೆಯವರಿಗೆ ಹತ್ತು ಕೊಂಡರೆ ಇಷ್ಟು ಉಚಿತವೆಂಬ ಸ್ಕೀಮು. ಕಪಾಟಿನ ಮುಂದಿನ ಸಾಲಿಗೆ ಯಾವ ಟ್ಯೂಬ್ ಬರುತ್ತದೆಂಬುದನ್ನು ರೋಗವಲ್ಲ, ಸ್ಕೀಮು ನಿರ್ಧರಿಸುತ್ತದೆ. ಬಟ್ಟೆಯಲ್ಲೋ ಸಾಬೂನಿನಲ್ಲೋ ಇದು ಸಹಜ ವ್ಯಾಪಾರ ನೀತಿ. ಸ್ಟೀರಾಯ್ಡ್‌ಗೆ ಇದನ್ನೇ ಅನ್ವಯಿಸುವುದು ಸಲ್ಲದು.

ವರ್ತಕರ ವಾದ

ಔಷಧ ವರ್ತಕರ ಕಡೆಯ ಮಾತನ್ನೂ ಕೇಳಬೇಕು. ಅವರ ವಾದದಲ್ಲಿ ಹುರುಳಿಲ್ಲದೇ ಇಲ್ಲ. ಸಣ್ಣ ಊರುಗಳಲ್ಲಿ ಚರ್ಮರೋಗ ತಜ್ಞರೇ ಇರುವುದಿಲ್ಲ. ತುರಿಕೆಗೆಂದು ದಿನಗೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿ, ಜಿಲ್ಲಾ ಕೇಂದ್ರಕ್ಕೆ ಹೋಗಿ ಸರದಿಯಲ್ಲಿ ನಿಲ್ಲುವುದು ಕೂಲಿಕಾರನಿಗೆ ಸಾಧ್ಯವಿಲ್ಲ. ಹೋದರೂ, ಇದೇ ಮೂರು ಬೆರಕೆಯ ಮುಲಾಮನ್ನು ಚೀಟಿಯಲ್ಲಿ ಬರೆದುಕೊಡುವ ವೈದ್ಯರು ಕಡಿಮೆಯೇನಿಲ್ಲ. ಬರೆದವರಿಗೆ ಇಲ್ಲದ ಪಾಪ ಮಾರಿದವರಿಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ತಪಾಸಣೆ ನಡೆದಾಗ ಪೆಟ್ಟು ಬೀಳುವುದು ಬೀದಿಯ ಸಣ್ಣ ಅಂಗಡಿಗೆ. ಸರಪಳಿ ಮಳಿಗೆಗಳೂ ಮನೆ ಬಾಗಿಲಿಗೆ ತಲುಪಿಸುವ ಜಾಲತಾಣಗಳೂ ವಕೀಲರನ್ನು ಮುಂದಿಟ್ಟು ಪಾರಾಗುತ್ತವೆ ಎಂಬ ಕೊರಗೂ ಇದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು, ‘ಇಲ್ಲಿ ಕೊಡದಿದ್ದರೆ ಪಕ್ಕದ ಅಂಗಡಿಯಲ್ಲಿ ಕೊಡುತ್ತಾರೆ’ ಎಂಬುದು. ಒಬ್ಬ ವರ್ತಕನ ಮಟ್ಟಿಗೆ ಇದಕ್ಕೆ ಉತ್ತರವಿಲ್ಲ. ಚೀಟಿ ಕೇಳಿದ ಪ್ರಾಮಾಣಿಕ ವರ್ತಕ ಮುಲಾಮಿನ ಗಿರಾಕಿಯನ್ನಷ್ಟೇ ಅಲ್ಲ, ಆ ಮನೆಯ ರಕ್ತದೊತ್ತಡದ ಮಾತ್ರೆಯ, ಮಗುವಿನ ಹಾಲುಪುಡಿಯ ವ್ಯಾಪಾರವನ್ನೂ ಕಳೆದುಕೊಳ್ಳುತ್ತಾನೆ. ಆದರೆ ಒಂದು ಊರಿನ ಎಲ್ಲ ಅಂಗಡಿಗಳೂ ಒಂದೇ ದಿನದಿಂದ ಚೀಟಿ ಕೇಳತೊಡಗಿದರೆ ಈ ನಷ್ಟ ಯಾರಿಗೂ ಇಲ್ಲ. ವರ್ತಕರ ಸಂಘಗಳಿರುವುದು ಇಂಥದ್ದಕ್ಕೇ. ವಾರದ ರಜೆಯ ದಿನವನ್ನು, ಅಂಗಡಿ ಮುಚ್ಚುವ ಹೊತ್ತನ್ನು ಒಮ್ಮತದಿಂದ ತೀರ್ಮಾನಿಸಬಲ್ಲ ಸಂಘಗಳಿಗೆ, ಬೇಡಿಕೆಗಳಿಗಾಗಿ ದೇಶದಾದ್ಯಂತ ಒಂದು ದಿನ ಅಂಗಡಿಗಳನ್ನು ಮುಚ್ಚಿ ತೋರಿಸಿದ ಔಷಧ ವರ್ತಕರಿಗೆ ಈ ಒಂದು ನಿರ್ಣಯ ಅಸಾಧ್ಯವೆಂದರೆ ನಂಬುವುದು ಕಷ್ಟ.

2020 ಮತ್ತು 2021ರ ಅನುಭವವನ್ನು ಇಲ್ಲಿ ನೆನೆಯಲೇಬೇಕು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ‘ರಿಕವರಿ’ ಅಧ್ಯಯನವು 2020ರ ಜೂನ್‌ನಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತನ್ನೇ ಅಚ್ಚರಿಗೊಳಿಸಿತು. ದಿನಕ್ಕೆ ಆರು ಮಿಲಿಗ್ರಾಮ್‌ನಂತೆ ಗರಿಷ್ಠ ಹತ್ತು ದಿನ ನೀಡಿದ ಡೆಕ್ಸಾಮೆಥಾಸೋನ್, ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೆಯ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೆಯ ಒಂದರಷ್ಟು ತಗ್ಗಿಸಿತ್ತು. ಬೇರೆ ಔಷಧಗಳಿಗೆ ಸಾವಿರಾರು ರೂಪಾಯಿ ತೆತ್ತು ಕಾಳಸಂತೆಯಲ್ಲಿ ಅಲೆಯುತ್ತಿದ್ದ ಕಾಲದಲ್ಲಿ ನಿಜವಾಗಿ ಜೀವ ಉಳಿಸಿದ್ದು, ಮಾತ್ರೆಯೊಂದಕ್ಕೆ ಒಂದು ರೂಪಾಯಿಯೂ ಆಗದ, ಅರವತ್ತು ವರ್ಷ ಹಳೆಯ ಮದ್ದು. ಭಾರತದ ಕಾರ್ಖಾನೆಗಳು ಅದನ್ನು ಹೇರಳವಾಗಿ ತಯಾರಿಸುತ್ತಿದ್ದವೆಂಬುದು ಹೆಮ್ಮೆಯ ಸಂಗತಿ.

ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು: ಆಮ್ಲಜನಕದ ಅಗತ್ಯವಿಲ್ಲದ ರೋಗಿಗಳಿಗೆ ಇದರಿಂದ ಪ್ರಯೋಜನ ಕಂಡುಬಂದಿಲ್ಲ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಜ್ವರ ಬಂದ ಮೊದಲ ದಿನವೇ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿಯನ್ನು ತೋರಿಸಿ ಸ್ಟೀರಾಯ್ಡ್ ಕೊಂಡವರಿದ್ದರು, ಕೊಟ್ಟವರೂ ಇದ್ದರು. ಅದರ ಬೆನ್ನಿಗೇ ಕಪ್ಪು ಶಿಲೀಂಧ್ರ ಎಂದು ಜನ ಕರೆದ ಮ್ಯೂಕರ್‌ಮೈಕೋಸಿಸ್ ಬಂದಿತು. ಹತೋಟಿಯಿಲ್ಲದ ಮಧುಮೇಹ ಮತ್ತು ಅತಿಯಾದ ಸ್ಟೀರಾಯ್ಡ್ ಬಳಕೆ ಅದರ ಮುಖ್ಯ ಕಾರಣಗಳೆಂದು ವೈದ್ಯರು ಗುರುತಿಸಿದರು. ಮೇ ತಿಂಗಳಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದವು. ಕಣ್ಣು, ದವಡೆ ಕಳೆದುಕೊಂಡವರ ಸಾಲಿನಲ್ಲಿ ವರ್ತಕ ಕುಟುಂಬಗಳವರೂ ಇದ್ದರು. ಅದರ ಚಿಕಿತ್ಸೆಗೆ ಬೇಕಾದ ಆಂಫೊಟೆರಿಸಿನ್ ಬಿ ಚುಚ್ಚುಮದ್ದಿಗಾಗಿ ದೇಶವೆಲ್ಲ ಪರದಾಡಿತು. ಒಂದು ರೂಪಾಯಿಯ ಮಾತ್ರೆಯ ಅವಿವೇಕಕ್ಕೆ ಲಕ್ಷಾಂತರ ರೂಪಾಯಿಯ ಚಿಕಿತ್ಸೆಯ ದಂಡ.

ಮಾಡಬಹುದಾದದ್ದು

ಎಲ್ಲವನ್ನೂ ನಿಷೇಧಿಸಬೇಕೆಂಬ ಕೂಗು ಸರಿಯಲ್ಲ. ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಬೆದರಿ ಉಬ್ಬಸದ ಇನ್‌ಹೇಲರ್ ಬಿಟ್ಟವರು ಆಸ್ಪತ್ರೆ ಸೇರಿದ ಪ್ರಸಂಗಗಳಿವೆ. ಇನ್‌ಹೇಲರ್‌ನಲ್ಲಿ ಔಷಧದ ಪ್ರಮಾಣ ಅತ್ಯಲ್ಪ, ಅದು ಹೋಗುವುದು ನೇರ ಶ್ವಾಸನಾಳಕ್ಕೆ. ಅದನ್ನು ಬಿಡುವುದೇ ಅಪಾಯ. ಚೀಟಿ ತಂದ ಗಿರಾಕಿಗೆ ‘ಇದು ಸ್ಟೀರಾಯ್ಡ್, ಜೋಕೆ’ ಎಂದು ಹೆದರಿಸುವ ಅಂಗಡಿಯವರು ಚೀಟಿಯಿಲ್ಲದೆ ಮಾರುವವರಷ್ಟೇ ಕೆಡುಕು ಮಾಡುತ್ತಾರೆ. ಹಾಗೆಯೇ, ತಿಂಗಳುಗಳಿಂದ ಮಾತ್ರೆ ನುಂಗುತ್ತಿರುವವರು ಹಳೆಯ ಪಟ್ಟಿ ಹಿಡಿದು ಬಂದರೆ ‘ಇನ್ನು ಕೊಡುವುದಿಲ್ಲ, ನಿಲ್ಲಿಸಿಬಿಡಿ’ ಎನ್ನುವ ಅಧಿಕಾರ ಅಂಗಡಿಗೆ ಇಲ್ಲ. ಥಟ್ಟನೆ ನಿಲ್ಲಿಸಬಾರದೆಂದು ತಿಳಿಹೇಳಿ ಅಂದೇ ವೈದ್ಯರ ಬಳಿಗೆ ಕಳುಹಿಸುವುದು ಸರಿಯಾದ ದಾರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹೊರರೋಗಿ ವೇಳೆಯನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬರೆದು ಹಾಕಲು ಖರ್ಚೇನೂ ಇಲ್ಲ.

ಸಗಟು ವರ್ತಕರ ಪಾತ್ರ ಚಿಲ್ಲರೆಯವರಿಗಿಂತ ದೊಡ್ಡದು, ಆದರೆ ಚರ್ಚೆಗೆ ಬರುವುದು ಅಪರೂಪ. ಯಾವ ಊರಿನ ಯಾವ ಅಂಗಡಿಗೆ ತಿಂಗಳಿಗೆ ಎಷ್ಟು ಡೆಕ್ಸಾಮೆಥಾಸೋನ್ ಹೋಗುತ್ತದೆಂಬುದು ಅವರ ಗಣಕಯಂತ್ರದಲ್ಲಿ ಬೆರಳ ತುದಿಯಲ್ಲಿದೆ. ಎರಡು ಸಾವಿರ ಮನೆಯ ಊರಿಗೆ ಡಬ್ಬಿಗಟ್ಟಲೆ ಹೋಗುತ್ತಿದ್ದರೆ ಅದು ರೋಗಿಗಳ ಹೊಟ್ಟೆಗೆ ನೇರವಾಗಿ ಹೋಗುತ್ತಿಲ್ಲವೆಂದು ತಿಳಿಯಲು ದೊಡ್ಡ ತನಿಖೆ ಬೇಕಿಲ್ಲ. ಪರವಾನಗಿಯಿಲ್ಲದ ‘ಕ್ಲಿನಿಕ್’ಗಳಿಗೆ ಬಿಲ್ಲಿಲ್ಲದೆ ಸರಕು ಕಳುಹಿಸುವ ಪದ್ಧತಿಯನ್ನು ಸಗಟಿನವರೇ ನಿಲ್ಲಿಸಿದರೆ ಪೊಟ್ಟಣದ ವೈದ್ಯರ ಕೈಗುಣ ತಾನಾಗಿ ಕುಂದುತ್ತದೆ.

ಇನ್ನು ಸಣ್ಣ ತಯಾರಕರು. ಪರಿಷ್ಕೃತ ‘ಎಂ’ ಅನುಸೂಚಿಯ ಉತ್ತಮ ತಯಾರಿಕಾ ಪದ್ಧತಿಗಳು 2023ರ ಡಿಸೆಂಬರ್‌ನಲ್ಲಿ ಅಧಿಸೂಚಿತವಾದವು. 250 ಕೋಟಿ ರೂಪಾಯಿವರೆಗಿನ ವಹಿವಾಟಿನ ಘಟಕಗಳಿಗೆ ಷರತ್ತಿನ ಮೇಲೆ 2025ರ ಡಿಸೆಂಬರ್ ಅಂತ್ಯದವರೆಗೆ ಕಾಲಾವಕಾಶ ನೀಡಲಾಗಿತ್ತು. ಗಾಳಿಯ ಶುದ್ಧೀಕರಣ, ದಾಖಲೆಗಳು, ಗುಣಮಟ್ಟ ಪರೀಕ್ಷೆ ಇವುಗಳಿಗಾಗಿ ಸಾಲ ಮಾಡಿ ಬಂಡವಾಳ ಹೂಡಿದ ಘಟಕಗಳು ಆ ಸಾಲವನ್ನು ಯಾವ ಸರಕಿನಿಂದ ತೀರಿಸುವುದೆಂದು ಯೋಚಿಸಬೇಕಾದ ಸಮಯವಿದು. ಇನ್ನೊಬ್ಬರ ಬ್ರಾಂಡಿಗಾಗಿ ಮೂರು ಬೆರಕೆಯ ಮುಲಾಮು ತುಂಬಿಕೊಡುವ ಗುತ್ತಿಗೆ ಇಂದು ಕೈತುಂಬ ಕೆಲಸ ಕೊಡಬಹುದು. ಆದರೆ 2016ರ ಮಾರ್ಚ್‌ನಲ್ಲಿ 344 ಮಿಶ್ರಣಗಳ ಮೇಲೆ ಬಿದ್ದ ಮೊದಲ ನಿಷೇಧ, ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದುಗೊಳಿಸಿದ್ದು, 2017ರಲ್ಲಿ ಸುಪ್ರೀಂ ಕೋರ್ಟ್ ತಜ್ಞರ ಮರುಪರಿಶೀಲನೆಗೆ ಕಳುಹಿಸಿದ್ದು, 2018ರಲ್ಲಿ ಮತ್ತೆ ನಿಷೇಧ ಬಂದದ್ದು, ಈ ಎರಡೂವರೆ ವರ್ಷಗಳ ತೂಗುಯ್ಯಾಲೆಯಲ್ಲಿ ದೊಡ್ಡ ಕಂಪನಿಗಳು ತಾಳಿಕೊಂಡವು. ಒಂದೇ ಸರಕನ್ನು ನೆಚ್ಚಿದ್ದ ಸಣ್ಣ ಘಟಕಗಳ ಪಾಡು ಬೇರೆ. ಒಂದು ಅಧಿಸೂಚನೆಯಿಂದ ರಾತ್ರೋರಾತ್ರಿ ಕಸವಾಗಬಲ್ಲ ಸರಕಿನ ಮೇಲೆ ಬ್ಯಾಂಕ್ ಸಾಲದ ಕಂತನ್ನು ನಿಲ್ಲಿಸುವುದು ಜಾಣತನವಲ್ಲ. ಸಾದಾ ಹೈಡ್ರೋಕಾರ್ಟಿಸೋನ್, ಸಾದಾ ಶಿಲೀಂಧ್ರನಾಶಕ ಮುಲಾಮು, ಸರ್ಕಾರಿ ಆಸ್ಪತ್ರೆಗಳಿಗೆ ಹೋಗುವ ಪ್ರೆಡ್ನಿಸೋಲೋನ್ ಮಾತ್ರೆ ಇವುಗಳಲ್ಲಿ ಲಾಭ ಕಡಿಮೆಯಾದರೂ ಬೇಡಿಕೆ ನಿಲ್ಲುವಂಥದ್ದಲ್ಲ.

ಕಾರ್ಖಾನೆಯ ಒಳಗಿನ ಒಂದು ಸಂಗತಿಯನ್ನು ಮಾಲೀಕರು ಮರೆಯಬಾರದು. ಸ್ಟೀರಾಯ್ಡ್ ಪುಡಿಯ ದೂಳು ಉಸಿರಿನ ಮೂಲಕ, ಚರ್ಮದ ಮೂಲಕ ದೇಹ ಸೇರುತ್ತದೆ. ಇಂಥ ಔಷಧ ತಯಾರಿಸುವ ಕೆಲಸಗಾರರ ಅಡ್ರಿನಲ್ ಗ್ರಂಥಿಗಳು ಮಂಕಾಗಿದ್ದುದನ್ನು ಬ್ರಿಟನ್ನಿನ ವೈದ್ಯರು 1978ರಷ್ಟು ಹಿಂದೆಯೇ ವರದಿ ಮಾಡಿದ್ದರು. ತೂಕ ಮಾಡುವ ಕೋಣೆಯಲ್ಲಿ ಕರವಸ್ತ್ರ ಕಟ್ಟಿಕೊಂಡು ದುಡಿಯುವ ಹುಡುಗನ ಮುಖ ದಿನೇ ದಿನೇ ದುಂಡಗಾಗುತ್ತಿದ್ದರೆ ಅದು ಕಾರ್ಖಾನೆಯ ಊಟದ ಗುಣವೆಂದು ಭಾವಿಸಬಾರದು. ದೂಳು ಹೀರುವ ಯಂತ್ರ, ಸರಿಯಾದ ಮುಖಗವಸು, ಆರು ತಿಂಗಳಿಗೊಮ್ಮೆ ವೈದ್ಯ ತಪಾಸಣೆ ಇವು ಅನಗತ್ಯ ವೆಚ್ಚಗಳಲ್ಲ.

ತಯಾರಕರು ನಾಳೆಯೇ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ‘ಎಚ್’ ಅನುಸೂಚಿಯ ಎಚ್ಚರಿಕೆ ಟ್ಯೂಬಿನ ಮೇಲೆ ಈಗಲೂ ಇದೆ, ಆದರೆ ಇಂಗ್ಲಿಷಿನಲ್ಲಿ, ಭೂತಗನ್ನಡಿಗೆ ಮಾತ್ರ ಕಾಣುವ ಅಕ್ಷರದಲ್ಲಿ. ರಾಜ್ಯದಲ್ಲಿ ಮಾರಾಟವಾಗುವ ಟ್ಯೂಬಿನ ಪೆಟ್ಟಿಗೆಯ ಮುಖದ ಮೇಲೆ, ಬ್ರಾಂಡಿನ ಹೆಸರಿನ ಕೆಳಗೆ, ‘ಇದರಲ್ಲಿ ಸ್ಟೀರಾಯ್ಡ್ ಇದೆ. ವೈದ್ಯರು ಹೇಳದೆ ಮುಖಕ್ಕೆ, ಹುಳುಕಡ್ಡಿಗೆ ಹಚ್ಚಬೇಡಿ’ ಎಂದು ಕನ್ನಡದಲ್ಲಿ ಮುದ್ರಿಸುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಮುದ್ರಣದ ಅಚ್ಚು ಬದಲಿಸುವ ಖರ್ಚು ಒಮ್ಮೆ ಮಾತ್ರ ಬರುವಂಥದ್ದು. ಮೊದಲು ಮುದ್ರಿಸಿದ ತಯಾರಕನ ಮಾರಾಟ ಕೆಲವು ತಿಂಗಳು ಇಳಿಯಬಹುದೆಂಬ ಅಳುಕು ಸಹಜ. ಆದ್ದರಿಂದ ಔಷಧ ತಯಾರಕರ ಮತ್ತು ವರ್ತಕರ ಸಂಘಗಳನ್ನು ಒಂದೇ ಮೇಜಿಗೆ ಕರೆದು, ಮುದ್ರಣ ಬದಲಾವಣೆಗೂ ಚೀಟಿಯ ಕಡ್ಡಾಯಕ್ಕೂ ಒಂದೇ ದಿನಾಂಕ ಗೊತ್ತುಮಾಡುವ ಕೆಲಸವನ್ನು ಜಿಲ್ಲಾ ವಾಣಿಜ್ಯ ಸಂಸ್ಥೆಗಳು ತಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು.